ಮೈಸೂರಿನ ಜಾವಾ ಮತ್ತು ಆರು ವೋಲ್ಟಿನ ತಂತಿ

ಜೆಕೊಸ್ಲೊವಾಕಿಯಾದ ಜಾವಾ ಮೋಟಾರ್ ಸೈಕಲ್ಲುಗಳನ್ನು ಮುಂಬಯಿಗೆ ತರಿಸಿ ಮಾರುತ್ತಿದ್ದ ಇರಾನಿ ಕುಟುಂಬವು, 1950ರ ದಶಕದಲ್ಲಿ ಸಿದ್ಧ ವಾಹನಗಳ ಆಮದಿಗೆ ತಡೆ ಬಿದ್ದಾಗ, ಅವನ್ನು ಇಲ್ಲಿಯೇ ತಯಾರಿಸಲು ಮೈಸೂರನ್ನು ಆರಿಸಿಕೊಂಡಿತು. ಯಾದವಗಿರಿಯಲ್ಲಿ ತಲೆಯೆತ್ತಿದ ಐಡಿಯಲ್ ಜಾವಾ ಕಾರ್ಖಾನೆಯನ್ನು, ಆಗ ಮೈಸೂರು ರಾಜ್ಯದ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಅವರು 1961ರಲ್ಲಿ ಉದ್ಘಾಟಿಸಿದರು. 1970ರ ದಶಕದ ಆರಂಭದಲ್ಲಿ ಜಾವಾ ಎಂಬ ಹೆಸರು ಹೋಗಿ ಯೆಜ್ಡಿ ಬಂತು, 1978ರಲ್ಲಿ ರೋಡ್‌ಕಿಂಗ್ ಮಾದರಿ ಹೊರಬಂತು, 1996ರಲ್ಲಿ ಕಾರ್ಖಾನೆಯೇ ಮುಚ್ಚಿತು. ಹೀಗಾಗಿ ಇಂದು ರಸ್ತೆಯಲ್ಲಿ ಉಳಿದಿರುವ ಮೈಸೂರಿನ ಗಾಡಿಗಳಲ್ಲಿ ಅತ್ಯಂತ ಹೊಸದಕ್ಕೂ ಮೂವತ್ತು ವರ್ಷದ ಆಸುಪಾಸಿನ ವಯಸ್ಸಾಗಿದೆ. ಸವೆದ ಪಿಸ್ಟನ್ನಿಗೆ ಬದಲಿ ದೊರೆಯುತ್ತದೆ, ಒಡೆದ ಬುಷ್ಷನ್ನು ಲೇತಿನಲ್ಲಿ ಕಡೆಯಬಹುದು; ಆದರೆ ಟ್ಯಾಂಕಿನ ಕೆಳಗೆ ಕಣ್ಣಿಗೆ ಬೀಳದೆ ಹಾದುಹೋಗುವ ವೈರಿಂಗಿನ ಮುಪ್ಪು, ದೀಪ ಮಂಕಾಗುವ ತನಕ ಯಾರ ಗಮನಕ್ಕೂ ಬರುವುದಿಲ್ಲ.

ಮೊದಮೊದಲ ಜಾವಾಗಳ ವಿದ್ಯುತ್ ವ್ಯವಸ್ಥೆ ಆರು ವೋಲ್ಟಿನದು. ಕ್ರ್ಯಾಂಕ್ ದಂಡದ ತುದಿಯಲ್ಲಿಯೇ ಕೂಡಿಸಿದ ಡೈನಮೋ, ಅಂದರೆ ಎಂಜಿನ್ನಿನ ಸುತ್ತಾಟವನ್ನು ವಿದ್ಯುತ್ತಾಗಿ ಮಾರ್ಪಡಿಸುವ ಯಂತ್ರ, ಬ್ಯಾಟರಿಯನ್ನು ತುಂಬುತ್ತಿತ್ತು. ಇವೆರಡರ ನಡುವೆ ಕಾವಲಿಗಿದ್ದ ರೆಗ್ಯುಲೇಟರ್, ಡೈನಮೋದ ಒತ್ತಡ ಮಿತಿಮೀರದಂತೆ ತಡೆಯುವುದಲ್ಲದೆ, ಎಂಜಿನ್ ನಿಧಾನವಾಗಿ ತಿರುಗುವಾಗ ಬ್ಯಾಟರಿಯ ವಿದ್ಯುತ್ತು ಹಿಮ್ಮುಖವಾಗಿ ಹರಿದು ಖಾಲಿಯಾಗದಂತೆ ಸಂಪರ್ಕವನ್ನು ಕಡಿದುಹಾಕುತ್ತಿತ್ತು. ಪ್ಲಗ್ಗಿನ ಕಿಡಿಗೂ ಇದೇ ಬ್ಯಾಟರಿಯೇ ಆಧಾರವಾದ್ದರಿಂದ ವೈರಿಂಗಿನ ದೋಷವು ದೀಪಕ್ಕಷ್ಟೇ ನಿಲ್ಲದೆ ಎಂಜಿನ್ನಿನ ಓಟಕ್ಕೂ ತಟ್ಟುತ್ತಿತ್ತು.

ಆರು ವೋಲ್ಟಿನ ಗಾಡಿಗೆ ದೀಪವೇ ಇಲ್ಲ ಎಂಬ ಹಳೆಯ ದೂರಿಗೆ ಕಾರಣವನ್ನು ಸರಳ ಲೆಕ್ಕದಲ್ಲಿ ಕಾಣಬಹುದು. 35 ವಾಟಿನ ಬಲ್ಬು 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಪ್ರವಾಹವನ್ನು ಎಳೆದರೆ, 6 ವೋಲ್ಟಿನಲ್ಲಿ ಅದರ ಇಮ್ಮಡಿ, ಅಂದರೆ ಸುಮಾರು 6 ಆಂಪಿಯರನ್ನು ಬೇಡುತ್ತದೆ. ಕಿಲುಬು ಹಿಡಿದ ಸ್ವಿಚ್ಚು ಮತ್ತು ಸಡಿಲ ಜೋಡಣೆಗಳೆಲ್ಲ ಸೇರಿ ಒಂದು ಓಮಿನ ಹತ್ತನೆಯ ಒಂದು ಪಾಲಿನಷ್ಟು ರೋಧ ಉಂಟಾದರೆ, 12 ವೋಲ್ಟಿನಲ್ಲಿ ನಷ್ಟವಾಗುವುದು 0.3 ವೋಲ್ಟು, ಶೇಕಡ ಎರಡೂವರೆ ಮಾತ್ರ. 6 ವೋಲ್ಟಿನಲ್ಲಿ ನಷ್ಟ 0.6 ವೋಲ್ಟು, ಅಂದರೆ ಶೇಕಡ ಹತ್ತು. ಒತ್ತಡ ಶೇಕಡ ಹತ್ತು ಕುಗ್ಗಿದರೆ ತಂತಿಬಲ್ಬಿನ ಬೆಳಕು ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಕಡಿಮೆಯಾಗುತ್ತದೆ. ಹೊಸದರಲ್ಲಿ ಸಾಲುತ್ತಿದ್ದ ದೀಪ ವರ್ಷ ಕಳೆದಂತೆ ಸಾಲದಾದದ್ದು ಹೀಗೆ.

ತಂತಿಯ ಮುಪ್ಪಿಗೆ ಅದರ ಹೊದಿಕೆಯ ಚರಿತ್ರೆಯೂ ಹೊಂದಿಕೊಂಡಿದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಮೋಟಾರ್ ಸೈಕಲ್ಲುಗಳು ಕಾರ್ಬೈಡಿಗೆ ನೀರು ತೊಟ್ಟಿಕ್ಕಿಸಿ ಹುಟ್ಟಿಸಿದ ಅನಿಲದ ದೀಪಗಳನ್ನು ಉರಿಸುತ್ತಿದ್ದವು. ವಿದ್ಯುದ್ದೀಪ ರೂಢಿಗೆ ಬಂದಾಗ ತಾಮ್ರದ ಎಳೆಗಳಿಗೆ ರಬ್ಬರಿನ ಹೊದಿಕೆ, ಅದರ ಮೇಲೆ ಹತ್ತಿ ದಾರದ ಹೆಣಿಗೆ ಬಂತು. ರಬ್ಬರನ್ನು ಗಟ್ಟಿಗೊಳಿಸಲು ಬೆರೆಸುವ ಗಂಧಕವು ತಾಮ್ರವನ್ನು ಕಪ್ಪಾಗಿಸುತ್ತದೆಯೆಂದು ಎಳೆಗಳಿಗೆ ತವರದ ಲೇಪ ಕೊಡುತ್ತಿದ್ದರು. ಆದರೂ ಬಿಸಿ, ಗಾಳಿ ಮತ್ತು ಎಣ್ಣೆಯ ಸಂಪರ್ಕದಲ್ಲಿ ರಬ್ಬರು ಪೆಡಸಾಗಿ ಉದುರುವುದನ್ನು ತಡೆಯಲಾಗಲಿಲ್ಲ. ಎರಡನೆಯ ಮಹಾಯುದ್ಧದ ನಂತರ ವ್ಯಾಪಕವಾದ ಪಿವಿಸಿ ಪ್ಲಾಸ್ಟಿಕ್ಕು ಎಣ್ಣೆಯನ್ನು ಹೆಚ್ಚು ತಾಳಿಕೊಂಡಿತಾದರೂ, ಅದಕ್ಕೆ ಮೆದುತನ ನೀಡುವ ದ್ರವ್ಯವು ಕಾಲಕ್ರಮದಲ್ಲಿ ಆವಿಯಾಗಿ, ಬಾಗಿಸಿದ ಕಡೆ ಬಿರುಕು ಬಿಡುವ ಸ್ಥಿತಿಗೆ ಅದೂ ತಲುಪಿತು.

ಬಿರುಕು ಎಲ್ಲೆಡೆ ಸಮನಾಗಿ ಹರಡುವುದಿಲ್ಲ. ಹ್ಯಾಂಡಲ್ ಎಡಬಲಕ್ಕೆ ಹೊರಳಿದಂತೆಲ್ಲ ಚಾಸಿಯ ಕೊರಳಿನ ಬಳಿ ತಂತಿಯ ಕಂತೆ ಮಡಿಚಿ ಬಿಚ್ಚುವುದರಿಂದ, ಹೊದಿಕೆ ಮೇಲುನೋಟಕ್ಕೆ ಸರಿಯಾಗಿದ್ದರೂ ಒಳಗಿನ ಎಳೆಗಳು ಒಂದೊಂದಾಗಿ ತುಂಡಾಗಿರುತ್ತವೆ. ಹ್ಯಾಂಡಲ್ ಒಂದು ಕಡೆ ತಿರುಗಿಸಿದಾಗ ಹಾರ್ನ್ ಮೊಳಗಿ ಇನ್ನೊಂದು ಕಡೆ ತಿರುಗಿಸಿದಾಗ ಮೊಳಗದಿರುವುದು ಇದರ ಸ್ಪಷ್ಟ ಲಕ್ಷಣ. ಅರ್ಥ್, ಅಂದರೆ ವಿದ್ಯುತ್ತು ಗಾಡಿಯ ಉಕ್ಕಿನ ಚೌಕಟ್ಟಿನ ಮೂಲಕವೇ ಬ್ಯಾಟರಿಗೆ ಮರಳುವ ದಾರಿ, ಮತ್ತೊಂದು ದುರ್ಬಲ ಸ್ಥಳ. ಗಾಡಿಯನ್ನು ಹೊಸದಾಗಿಸುವ ಉತ್ಸಾಹದಲ್ಲಿ ಬಳಿಸಿದ ದಪ್ಪ ಬಣ್ಣವೇ ಬೋಲ್ಟಿನ ಕೆಳಗೆ ಸೇರಿ ಆ ದಾರಿಯನ್ನು ಮುಚ್ಚುವುದುಂಟು.

ದುರಸ್ತಿಯ ರೂಢಿಗಳೂ ಕಾಲಕ್ಕೆ ತಕ್ಕಂತೆ ಬದಲಾದವು. ಗಾಡಿಯು ದಿನದ ಕೆಲಸಕ್ಕೆ ಬೇಕಾಗಿದ್ದ ವರ್ಷಗಳಲ್ಲಿ ಕಡಿದ ತುದಿಗಳನ್ನು ಹೊಸೆದು ಟೇಪು ಸುತ್ತಿ ಕಳುಹಿಸುವುದೇ ಸಾಕಾಗಿತ್ತು. ಅಂಥ ಪ್ರತಿಯೊಂದು ಗಂಟೂ ರೋಧದ ಹೊಸ ನೆಲೆಯಾಯಿತು. ಗಾಡಿಯು ಜೋಪಾನದ ವಸ್ತುವಾದ ಮೇಲೆ ಕೆಲವರು ಇಡೀ ವ್ಯವಸ್ಥೆಯನ್ನೇ 12 ವೋಲ್ಟಿಗೆ ಬದಲಿಸತೊಡಗಿದರು. ಇದರಿಂದ ಪ್ರವಾಹ ಅರ್ಧಕ್ಕಿಳಿದು ನಷ್ಟ ಕಡಿಮೆಯಾಗುವುದು ನಿಜ. ಆದರೆ ಹಳೆಯ ತಂತಿಯನ್ನೇ ಉಳಿಸಿಕೊಂಡು ಒತ್ತಡವನ್ನಷ್ಟೇ ಏರಿಸಿದರೆ, ಸೀಳಿದ ಹೊದಿಕೆ ಸೀಳಿಕೊಂಡೇ ಇದ್ದು, ಶಾರ್ಟ್ ಆಗಿ ಬೆಂಕಿ ಹೊತ್ತುವ ಅಪಾಯ ಉಳಿದೇ ಉಳಿಯುತ್ತದೆ.

ಆದ್ದರಿಂದ ಮೊದಲು ಬದಲಾಗಬೇಕಾದದ್ದು ವೋಲ್ಟಲ್ಲ, ತಂತಿ. ಹಳೆಯ ಕಂತೆಯನ್ನು ಬಿಚ್ಚುವ ಮೊದಲು ಬಣ್ಣ ಮತ್ತು ಉದ್ದಗಳ ನಕ್ಷೆ ಬರೆದಿಟ್ಟು, ಹೆಚ್ಚು ದಪ್ಪದ ಹೊಸ ತಾಮ್ರದ ತಂತಿಯನ್ನು ಅದೇ ಬಣ್ಣದಲ್ಲಿ ಎಳೆದು, ಬಲ್ಬಿನ ಗೂಡಿನಿಂದ ಬ್ಯಾಟರಿಯವರೆಗೆ ಅರ್ಥ್‌ಗೆ ಪ್ರತ್ಯೇಕ ತಂತಿಯನ್ನೂ ಬ್ಯಾಟರಿಯ ಬಳಿ ಫ್ಯೂಸನ್ನೂ ಕೊಟ್ಟರೆ, ಸುಸ್ಥಿತಿಯ ಡೈನಮೋ ಇರುವ ಮೈಸೂರು ಜಾವಾಕ್ಕೆ ಆರು ವೋಲ್ಟು ಇಂದಿಗೂ ಸಾಕು.