ಕಾಪಲ್‌ಸ್ಟನ್–ರಸೆಲ್ ಸಂವಾದ

ಕಾಪಲ್‌ಸ್ಟನ್–ರಸೆಲ್ ಸಂವಾದವು ದೇವರ ಅಸ್ತಿತ್ವವನ್ನು ಕುರಿತು ಇಬ್ಬರು ಬ್ರಿಟಿಷ್ ತತ್ತ್ವಶಾಸ್ತ್ರಜ್ಞರ ನಡುವೆ ನಡೆದ ರೇಡಿಯೊ ಚರ್ಚೆ. ಜೆಸ್ವಿಟ್ ಪಾದ್ರಿ ಫ್ರೆಡರಿಕ್ ಕಾಪಲ್‌ಸ್ಟನ್ ಮತ್ತು ತರ್ಕಶಾಸ್ತ್ರಜ್ಞ ಬರ್ಟ್ರಂಡ್ ರಸೆಲ್ ಇದರಲ್ಲಿ ಭಾಗವಹಿಸಿದ್ದರು. ಇದು 1948ರ ಜನವರಿ 28ರಂದು ಬಿಬಿಸಿಯ 'ಥರ್ಡ್ ಪ್ರೋಗ್ರಾಮ್' ವಾಹಿನಿಯಲ್ಲಿ ಪ್ರಸಾರವಾಯಿತು. ಆಧುನಿಕ ನಾಸ್ತಿಕವಾದದ ಆಕ್ಷೇಪಗಳಿಗೆ ಕ್ರೈಸ್ತ ಚಿಂತಕರೊಬ್ಬರು ಧರ್ಮಗ್ರಂಥವನ್ನು ಆಧಾರವಾಗಿ ಬಳಸದೆ, ತರ್ಕದ ನೆಲೆಯಲ್ಲಿಯೇ ಉತ್ತರಿಸಿದ ಪ್ರಸಿದ್ಧ ನಿದರ್ಶನವಿದು.

ಹಿನ್ನೆಲೆ

ರಸೆಲ್ (1872–1970) ಗಣಿತೀಯ ತರ್ಕಶಾಸ್ತ್ರದ ಪ್ರವರ್ತಕರಲ್ಲಿ ಒಬ್ಬರು. 1927ರಲ್ಲಿ ಲಂಡನ್ನಿನ ಬ್ಯಾಟರ್‌ಸೀ ಪುರಭವನದಲ್ಲಿ ತಾವು ಏಕೆ ಕ್ರೈಸ್ತರಲ್ಲ ಎಂಬುದನ್ನು ಕುರಿತು ಅವರು ನೀಡಿದ ಉಪನ್ಯಾಸ ಬಹಳ ಹೆಸರು ಪಡೆಯಿತು. ಕಾಪಲ್‌ಸ್ಟನ್ (1907–1994) ತಮ್ಮ ಹದಿನೆಂಟನೆಯ ವಯಸ್ಸಿನಲ್ಲಿ ಆಂಗ್ಲಿಕನ್ ಸಭೆಯನ್ನು ತೊರೆದು ಕಥೋಲಿಕ ಸಭೆಯನ್ನು ಸೇರಿದವರು. ಹಲವು ಸಂಪುಟಗಳ 'ಎ ಹಿಸ್ಟರಿ ಆಫ್ ಫಿಲಾಸಫಿ' ಅವರ ಮುಖ್ಯ ಕೃತಿ. ಅದರ ಮೊದಲ ಸಂಪುಟ 1946ರಲ್ಲಿ ಪ್ರಕಟವಾಯಿತು.

ಸಂವಾದದ ಆರಂಭದಲ್ಲಿ ಇಬ್ಬರೂ 'ದೇವರು' ಎಂಬ ಪದದ ಅರ್ಥವನ್ನು ಒಪ್ಪಿಕೊಂಡರು: ಜಗತ್ತಿನಿಂದ ಭಿನ್ನನಾದ, ಜಗತ್ತನ್ನು ಸೃಷ್ಟಿಸಿದ, ವ್ಯಕ್ತಿಸ್ವರೂಪಿಯಾದ ಪರಮಸತ್ತೆ. ದೇವರಿಲ್ಲವೆಂದು ಸಿದ್ಧಪಡಿಸಬಹುದೆಂಬುದು ತಮ್ಮ ನಿಲುವಲ್ಲ, ತಾವು ಅಜ್ಞೇಯತಾವಾದಿ ಎಂದು ರಸೆಲ್ ಸ್ಪಷ್ಟಪಡಿಸಿದರು. ದೇವರಿಲ್ಲದಿದ್ದರೆ ಮಾನವ ಇತಿಹಾಸಕ್ಕೆ ಮನುಷ್ಯರೇ ಕೊಟ್ಟುಕೊಂಡ ಉದ್ದೇಶವಲ್ಲದೆ ಬೇರೆ ಉದ್ದೇಶವಿರುವುದಿಲ್ಲ. ವ್ಯವಹಾರದಲ್ಲಿ ಅದು ಅಧಿಕಾರವುಳ್ಳವರು ಹೇರಿದ ಉದ್ದೇಶವೇ ಆಗುತ್ತದೆ ಎಂದು ಕಾಪಲ್‌ಸ್ಟನ್ ಪ್ರಶ್ನೆಯ ಮಹತ್ವವನ್ನು ವಿವರಿಸಿದರು. ರಸೆಲ್ ಇದನ್ನು ಬಹುಮಟ್ಟಿಗೆ ಒಪ್ಪಿದರೂ ಕೊನೆಯ ಮಾತಿಗೆ ಮಿತಿ ಹಾಕಿದರು.

ಅವಲಂಬಿತ ಅಸ್ತಿತ್ವದ ವಾದ

ಕಾಪಲ್‌ಸ್ಟನ್ ಮಂಡಿಸಿದ ಮೊದಲ ವಾದ ಜರ್ಮನ್ ತತ್ತ್ವಜ್ಞಾನಿ ಲೈಬ್ನಿಟ್ಸ್‌ನ ಚಿಂತನೆಯನ್ನು ಆಧರಿಸಿದೆ. ಜಗತ್ತಿನ ಯಾವ ವಸ್ತುವೂ ತನ್ನ ಇರುವಿಕೆಗೆ ತಾನೇ ಕಾರಣವಲ್ಲ. ಮಗು ತಂದೆತಾಯಿಯರನ್ನು, ಜೀವಿಗಳು ಗಾಳಿ ಮತ್ತು ಆಹಾರವನ್ನು ಅವಲಂಬಿಸಿವೆ. ಇಂತಹ ವಸ್ತುಗಳ ಒಟ್ಟು ಮೊತ್ತವೇ ಜಗತ್ತು. ಆದ್ದರಿಂದ ಅದರ ಇರುವಿಕೆಗೆ ಕಾರಣ ಅದರ ಹೊರಗೆ, ತನ್ನ ಇರುವಿಕೆಗೆ ತಾನೇ ಕಾರಣವಾದ ಒಂದು ಅನಿವಾರ್ಯ ಸತ್ತೆಯಲ್ಲಿ ಇರಬೇಕು.

ಇದಕ್ಕೆ ರಸೆಲ್ ಎತ್ತಿದ ಮುಖ್ಯ ಆಕ್ಷೇಪಗಳು ಮೂರು. 'ಅನಿವಾರ್ಯ' ಎಂಬ ವಿಶೇಷಣ ಕೆಲವು ತಾರ್ಕಿಕ ಹೇಳಿಕೆಗಳಿಗೆ ಸಲ್ಲುತ್ತದೆಯೇ ಹೊರತು ವಸ್ತುಗಳಿಗಲ್ಲ. ಬಿಡಿಬಿಡಿಯಾದ ವಸ್ತುಗಳಿಗೆ ಕಾರಣವಿದೆಯೆಂದ ಮಾತ್ರಕ್ಕೆ ಅವುಗಳ ಸಮಷ್ಟಿಗೂ ಕಾರಣವಿರಬೇಕಿಲ್ಲ. ಪ್ರತಿಯೊಬ್ಬ ಮನುಷ್ಯನಿಗೂ ತಾಯಿಯಿದ್ದಾಳೆಂದು ಇಡೀ ಮನುಕುಲಕ್ಕೆ ಒಬ್ಬ ತಾಯಿಯಿದ್ದಾಳೆ ಎನ್ನಲಾಗದು. ಆಧುನಿಕ ಭೌತವಿಜ್ಞಾನದ ಪ್ರಕಾರ ಪರಮಾಣುವಿನೊಳಗಿನ ಕೆಲವು ಕ್ವಾಂಟಂ ಬದಲಾವಣೆಗಳಿಗೂ ಕಾರಣವಿಲ್ಲ. ವಿಶ್ವ ಇದೆ, ಅದಕ್ಕಿಂತ ಹೆಚ್ಚಿನ ವಿವರಣೆಯನ್ನು ಕೇಳಬೇಕಿಲ್ಲ ಎಂಬುದು ಅವರ ನಿಲುವು.

ತಾವು ಕಾಲದಲ್ಲಿ ಹಿಂದಿರುವ ಮೊದಲ ಕಾರಣವನ್ನು ಹುಡುಕುತ್ತಿಲ್ಲ ಎಂದು ಕಾಪಲ್‌ಸ್ಟನ್ ಉತ್ತರಿಸಿದರು. ಕಾರಣಗಳ ಸರಣಿ ಅನಂತವಾಗಿದ್ದರೂ ಅವಲಂಬಿತ ವಸ್ತುಗಳನ್ನು ಎಷ್ಟು ಕೂಡಿಸಿದರೂ ಮೊತ್ತವು ಅವಲಂಬಿತವೇ ಆಗಿರುತ್ತದೆ. ಚಾಕೊಲೇಟುಗಳನ್ನು ಎಷ್ಟು ಕೂಡಿಸಿದರೂ ಕುರಿ ಸಿಗುವುದಿಲ್ಲ ಎಂಬ ಉದಾಹರಣೆ ನೀಡಿದರು. ಪ್ರಶ್ನೆಗೇ ಅರ್ಥವಿಲ್ಲವೆನ್ನುವುದನ್ನು ಅವರು ಚದುರಂಗದ ಮಣೆಯ ಮುಂದೆ ಕುಳಿತುಕೊಳ್ಳಲು ಒಪ್ಪದವರ ನಡೆಗೆ ಹೋಲಿಸಿದರು: ಅಂಥವರನ್ನು ಸೋಲಿಸಲಾಗದು.

ಧಾರ್ಮಿಕ ಅನುಭವ

ಅನುಭಾವಿಗಳ ಅನುಭವವು ದೇವರಿಗೆ ಕಟ್ಟುನಿಟ್ಟಾದ ಪ್ರಮಾಣವಲ್ಲವೆಂದು ಕಾಪಲ್‌ಸ್ಟನ್ ಒಪ್ಪಿದರು. ಆದರೆ ಅವರ ಬದುಕನ್ನೇ ಬದಲಿಸುವ ಆ ಅನುಭವಕ್ಕೆ ದೇವರೇ ಅತ್ಯುತ್ತಮ ವಿವರಣೆ ಎಂದರು. ಕಟ್ಟುಕಥೆಯಲ್ಲಿ ಬರುವ ಮಹಾಪುರುಷನೂ ಓದುಗನ ಶೀಲವನ್ನು ತಿದ್ದಬಲ್ಲ. ಆದ್ದರಿಂದ ಒಂದು ನಂಬಿಕೆಯ ಸತ್ಪರಿಣಾಮ ಅದರ ಸತ್ಯತೆಗೆ ಸಾಕ್ಷಿಯಲ್ಲ ಎಂಬುದು ರಸೆಲ್ಲರ ಉತ್ತರ.

ನೈತಿಕ ವಾದ

ಒಳಿತು ಕೆಡುಕುಗಳನ್ನು ಹೇಗೆ ಗುರುತಿಸುತ್ತೀರಿ ಎಂಬ ಪ್ರಶ್ನೆಗೆ, ಹಳದಿ ಮತ್ತು ನೀಲಿ ಬಣ್ಣಗಳನ್ನು ಕಣ್ಣಿನಿಂದ ಗುರುತಿಸುವಂತೆ ಭಾವನೆಯಿಂದ ಗುರುತಿಸುತ್ತೇನೆ ಎಂದು ರಸೆಲ್ ಹೇಳಿದರು. ಕಾಪಲ್‌ಸ್ಟನ್ ಆಗ ನಾಜಿಗಳ ಬೆಲ್ಸನ್ ಸೆರೆಶಿಬಿರದ ಅಧಿಕಾರಿಯ ಉದಾಹರಣೆಯನ್ನು ಮುಂದಿಟ್ಟರು. ಆ ಶಿಬಿರದ ಕೈದಿಗಳು ಬಿಡುಗಡೆಯಾಗಿ ಇನ್ನೂ ಮೂರು ವರ್ಷ ತುಂಬಿರಲಿಲ್ಲ. ನೀತಿ ಭಾವನೆಯನ್ನೇ ಅವಲಂಬಿಸಿದ್ದರೆ ಆತನ ಭಾವನೆ ತಪ್ಪೆಂದು ಹೇಳಲು ಆಧಾರವೇನು ಎಂಬುದು ಅವರ ಪ್ರಶ್ನೆ. ಕಾಮಾಲೆಯಾದವನಿಗೆ ಎಲ್ಲವೂ ಹಳದಿಯಾಗಿ ಕಂಡರೂ ವಸ್ತುಗಳು ಹಳದಿಯಾಗುವುದಿಲ್ಲ ಎಂಬ ಹೋಲಿಕೆಯನ್ನು ರಸೆಲ್ ನೀಡಿದರು. ಆದರೆ ಅದನ್ನು ಸಾಧಿಸಿ ತೋರಿಸಲಾಗದೆಂದೂ ಒಪ್ಪಿದರು. ಕರ್ತವ್ಯಪ್ರಜ್ಞೆ ಬಾಲ್ಯದ ಶಿಕ್ಷಣದಿಂದ ಬಂದುದೆಂದು ಅವರು ವಾದಿಸಿದರೆ, ಕಾಪಲ್‌ಸ್ಟನ್ ಅದರ ಮೂಲವನ್ನು ದೇವರಲ್ಲಿ ಕಂಡರು.

ಪ್ರಭಾವ

ಸಂವಾದದಲ್ಲಿ ಯಾರೂ ತಮ್ಮ ನಿಲುವನ್ನು ಬದಲಿಸಲಿಲ್ಲ. ವಿಶ್ವದ ಇರುವಿಕೆಗೆ ವಿವರಣೆ ಕೇಳುವುದು ಸರಿಯೇ ಎಂಬಲ್ಲಿಯೇ ಭಿನ್ನಾಭಿಪ್ರಾಯವಿದೆಯೆಂಬುದು ಇದರಿಂದ ಸ್ಪಷ್ಟವಾಯಿತು. 1949ರಲ್ಲಿ ಕಾಪಲ್‌ಸ್ಟನ್ ತಾರ್ಕಿಕ ಪ್ರತ್ಯಕ್ಷವಾದಿ ಎ. ಜೆ. ಏಯರ್ ಅವರೊಡನೆಯೂ ಬಿಬಿಸಿಯಲ್ಲಿ ಚರ್ಚಿಸಿದರು. ಲೋಕದಲ್ಲಿ ಕೆಡುಕೇಕೆ ಎಂಬ ಸಮಸ್ಯೆಗೆ ಆಲ್ವಿನ್ ಪ್ಲಾಂಟಿಂಗಾ 1974ರ 'ಗಾಡ್, ಫ್ರೀಡಮ್ ಅಂಡ್ ಈವಿಲ್' ಕೃತಿಯಲ್ಲಿ ಮಾನವನ ಸ್ವತಂತ್ರ ಇಚ್ಛೆಯ ಆಧಾರದಲ್ಲಿ ಉತ್ತರಿಸಿದರು. ವಿಲಿಯಂ ಲೇನ್ ಕ್ರೇಗ್ 1979ರಲ್ಲಿ ಮಂಡಿಸಿದ ವಾದವು ವಿಶ್ವಕ್ಕೆ ಆದಿಯಿದೆಯೆಂಬುದನ್ನು ಆಧರಿಸಿದ್ದು, ಈ ಅಂಶದಲ್ಲಿ ಕಾಪಲ್‌ಸ್ಟನ್ನರ ವಾದದಿಂದ ಭಿನ್ನವಾಗಿದೆ.