ಡಿಗ್ರಿ ಆದ್ಮೇಲೆ ಲಾ: ನಿಜವಾಗ್ಲೂ ಲೇಟಾ?

1/7
ಹೋದ ತಿಂಗಳು ಊರಲ್ಲಿ ಗೃಹಪ್ರವೇಶ ಇತ್ತು. ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದ ಸೋದರಮಾವ ಕೇಳಿದ್ರು, "ಬಿಎಸ್ಸಿ ಮುಗೀತಲ್ಲಮ್ಮ, ಈಗೇನ್ ಮಾಡ್ತಿದ್ದೀಯ?"
"ಎಲ್‌ಎಲ್‌ಬಿ ಸೇರ್ಕೊಂಡೆ ಮಾಮ. ಮೂರು ವರ್ಷದ್ದು."
"ಮತ್ತೆ ಮೂರು ವರ್ಷಾನಾ? ಲಾ ಓದೋದಾದ್ರೆ ಪಿಯುಸಿ ಆದ ತಕ್ಷಣ ಸೇರ್ಬೇಕಿತ್ತು. ಈಗ ಲೇಟಾಯ್ತು ಬಿಡು."
ಅಮ್ಮ ತಲೆ ತಗ್ಗಿಸಿ ಅನ್ನ ಕಲಸ್ತಾ ಇದ್ರು. ನನಗೂ ಉತ್ತರ ಹೊಳೀಲಿಲ್ಲ. ವಾಪಸ್ ಬಂದು ಲೈಬ್ರರಿಯಲ್ಲಿ ಕೂತು ಓದಿದಾಗ ಉತ್ತರ ಸಿಕ್ತು. ಮಾಮನಿಗೆ ಹೇಳೋಕಾಗದ್ದನ್ನ ನಿಮಗೆ ಹೇಳ್ತಿದ್ದೀನಿ. ಕೊನೇವರೆಗೂ ಓದಿ.

2/7
ನಮ್ಮ ಅಜ್ಜಂದಿರ ಕಾಲದಲ್ಲಿ ಕಾನೂನು ಸಾಮಾನ್ಯವಾಗಿ ಎರಡನೇ ಡಿಗ್ರಿ. ಮೊದಲು ಬಿ.ಎ., ಆಮೇಲೆ ಲಾ.
ಎಸ್. ನಿಜಲಿಂಗಪ್ಪನವರು 1924ರಲ್ಲಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಿಂದ ಬಿ.ಎ. ಮಾಡಿದ್ರು. ಲಾ ಓದೋಕೆ ಪುಣೆಗೆ ಹೋದ್ರು, 1926ರಲ್ಲಿ ಮುಗಿಸಿ ಚಿತ್ರದುರ್ಗದಲ್ಲಿ ವಕೀಲಿಕೆ ಶುರು ಮಾಡಿದ್ರು. ಕೆಂಗಲ್ ಹನುಮಂತಯ್ಯನವರದ್ದೂ ಅದೇ ದಾರಿ: 1930ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಬಿ.ಎ., 1932ರಲ್ಲಿ ಪುಣೆಯಲ್ಲಿ ಕಾನೂನು ಪದವಿ. ಇಬ್ಬರೂ ಮುಂದೆ ನಮ್ಮ ಮುಖ್ಯಮಂತ್ರಿಗಳಾದ್ರು.
ಪುಣೆಗೇ ಯಾಕೆ? ಬೆಳಗಾವಿಯ ರಾಜಾ ಲಖಮಗೌಡ ಕಾನೂನು ಕಾಲೇಜು ಶುರುವಾಗಿದ್ದು 1939ರಲ್ಲಿ. ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜು 1948ರಲ್ಲಿ. ಅದಕ್ಕೂ ಮೊದಲು ಲಾ ಓದ್ಬೇಕು ಅಂದ್ರೆ ಟ್ರಂಕು ಹೊತ್ಕೊಂಡು ಪುಣೆ, ಮುಂಬೈ, ಮದ್ರಾಸಿನ ರೈಲು ಹತ್ತಬೇಕಿತ್ತು. ಆ ಖರ್ಚು ಎಲ್ಲರ ಮನೆಯಿಂದಲೂ ಆಗ್ತಿರ್ಲಿಲ್ಲ, ಅದನ್ನೂ ಮರೀಬಾರ್ದು.
ನನ್ನ ಥರ ಸೈನ್ಸ್‌ನಿಂದ ಬಂದೋರಿಗೆ ಇನ್ನೊಂದು ಹೆಸರು: ಎಂ.ಎನ್. ವೆಂಕಟಾಚಲಯ್ಯ. ಮೈಸೂರು ವಿಶ್ವವಿದ್ಯಾಲಯದ ಬಿಎಸ್ಸಿ, ಆಮೇಲೆ ಲಾ, 1951ರಲ್ಲಿ ವಕೀಲಿಕೆ. 1993ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿ.

3/7
ಅಂಬೇಡ್ಕರ್ ಅವರು ಲಾ ಓದಿದ ಕಥೆ ಗೊತ್ತಾ? ಬಹಳ ಜನ ಅವರು ಮೊದಲಿಂದಲೂ ಕಾನೂನೇ ಓದಿದ್ದು ಅನ್ಕೊಂಡಿದ್ದಾರೆ. ಅಲ್ಲ, ಅವರ ವಿಷಯ ಅರ್ಥಶಾಸ್ತ್ರ.
1912ರಲ್ಲಿ ಮುಂಬೈನಲ್ಲಿ ಬಿ.ಎ., 1915ರಲ್ಲಿ ಕೊಲಂಬಿಯಾದಲ್ಲಿ ಎಂ.ಎ. ಆದ ಮೇಲೆ 1916ರಲ್ಲಿ ಲಂಡನ್ನಿನ ಗ್ರೇಸ್ ಇನ್ ಸೇರಿದ್ರು. ಮರುವರ್ಷವೇ ಬರೋಡಾ ಸಂಸ್ಥಾನದ ಸ್ಕಾಲರ್‌ಶಿಪ್ ಅವಧಿ ಮುಗೀತು, ಓದು ಅರ್ಧಕ್ಕೇ ನಿಂತು ವಾಪಸ್ ಬಂದ್ರು. ಮುಂಬೈನ ಸಿಡೆನ್‌ಹ್ಯಾಮ್ ಕಾಲೇಜಲ್ಲಿ ಪಾಠ ಮಾಡಿದ್ರು. 1920ರಲ್ಲಿ, 29ನೇ ವಯಸ್ಸಿಗೆ, ಮತ್ತೆ ಲಂಡನ್‌ಗೆ ಹೋದ್ರು. ಬ್ಯಾರಿಸ್ಟರ್ ಆಗಿದ್ದು 1922ರಲ್ಲಿ. ಆಗ ಅವರಿಗೆ 31.
ಈ ದೇಶದ ಸಂವಿಧಾನದ ಕರಡು ಸಮಿತಿಯ ಅಧ್ಯಕ್ಷರು, ನಡುವೆ ಗ್ಯಾಪ್ ಬಿಟ್ಟು ಲಾ ಮುಗಿಸಿದೋರು. ರೆಸ್ಯೂಮೆಯಲ್ಲಿ ಗ್ಯಾಪ್ ಇದೆ ಅಂತ ಹೆದರೋರು ಇದನ್ನ ಸೇವ್ ಮಾಡ್ಕೊಳ್ಳಿ.

4/7
ಆದ್ರೆ ಎರಡನೇ ಡಿಗ್ರಿ ಇದ್ರೂ ಬಾಗಿಲು ತೆರೀದೇ ಇದ್ದೋರೂ ಇದ್ರು.
ಕಾರ್ನೇಲಿಯಾ ಸೊರಾಬ್ಜಿ ಪುಣೆಯ ಡೆಕ್ಕನ್ ಕಾಲೇಜಿನ ಪದವೀಧರೆ. 1892ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಕಾನೂನು ಪರೀಕ್ಷೆ ಬರೆದ್ರು. ಹೆಣ್ಣು ಅನ್ನೋ ಕಾರಣಕ್ಕೆ ಪದವಿ ಕೈಗೆ ಬಂದಿದ್ದು 30 ವರ್ಷ ಆದ ಮೇಲೆ, 1922ರಲ್ಲಿ.
ಕೋಲ್ಕತ್ತದ ರೆಜಿನಾ ಗುಹಾ ಎಂ.ಎ. ಮಾಡಿ, ಆಮೇಲೆ ಬಿ.ಎಲ್. ಮಾಡಿದ್ರು. 1916ರಲ್ಲಿ ವಕೀಲಿಕೆಗೆ ಅರ್ಜಿ ಹಾಕಿದ್ರು. ಹೈಕೋರ್ಟ್ ತಿರಸ್ಕರಿಸ್ತು. ಆಗಿನ ಕಾನೂನಲ್ಲಿದ್ದ 'ವ್ಯಕ್ತಿ' ಅನ್ನೋ ಪದದಲ್ಲಿ ಹೆಂಗಸರು ಬರಲ್ಲ ಅಂತ! 1921ರಲ್ಲಿ ಪಟ್ನಾದಲ್ಲಿ ಸುಧಾಂಶುಬಾಲಾ ಹಾಜ್ರಾ ಅವರಿಗೂ ಅದೇ ಉತ್ತರ.
1923ರಲ್ಲಿ ಹೊಸ ಕಾಯ್ದೆ ಬಂದು ಆ ಅಡ್ಡಿ ಹೋಯ್ತು. ರೆಜಿನಾ ಅದನ್ನ ನೋಡಲಿಲ್ಲ. 1919ರಲ್ಲೇ ತೀರಿಕೊಂಡಿದ್ರು.
ಇದನ್ನ ಓದಿದ ದಿನ ನನ್ನ ಐಡಿ ಕಾರ್ಡನ್ನ ಸುಮ್ನೆ ಎರಡು ಸಲ ನೋಡ್ಕೊಂಡೆ.

5/7
ಹಾಗಾದ್ರೆ ಪಿಯುಸಿ ಆದ ತಕ್ಷಣ ಲಾ ಅನ್ನೋ ದಾರಿ ಯಾವಾಗ ಬಂತು?
ನಿಜಲಿಂಗಪ್ಪನವರ ಕಾಲಕ್ಕೆ ಬಿ.ಎ. ಆದ ಮೇಲೆ ಲಾ ಎರಡೇ ವರ್ಷ. ಸ್ವಾತಂತ್ರ್ಯ ಬಂದ ಮೇಲೆ 1961ರಲ್ಲಿ ವಕೀಲರ ಕಾಯ್ದೆ ಬಂತು. ಅದರ ಪ್ರಕಾರ 1967ರಿಂದ ಈಚೆಗೆ ಅದು ಮೂರು ವರ್ಷ ಆಯ್ತು. ಐದು ವರ್ಷದ ಕೋರ್ಸಿಗೆ ಭಾರತೀಯ ವಕೀಲರ ಪರಿಷತ್ತು ತೀರ್ಮಾನ ಮಾಡಿದ್ದು 1982ರಲ್ಲಿ. ಅದಕ್ಕೆ ಹೆಸರು ತಂದುಕೊಟ್ಟಿದ್ದು ನಮ್ಮ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್, ಮೊದಲ ನಿರ್ದೇಶಕರು ಎನ್.ಆರ್. ಮಾಧವ ಮೆನನ್. ಅಲ್ಲಿ ಕ್ಲಾಸ್ ಶುರುವಾಗಿದ್ದು 1988ರಲ್ಲಿ.
ಅಂದ್ರೆ ಮಾಮ ಹೇಳಿದ 'ಸರಿಯಾದ ದಾರಿ'ಗೆ ಇನ್ನೂ 50 ವರ್ಷವೂ ತುಂಬಿಲ್ಲ. ಇನ್ನೊಂದು ಮಜಾ: 2022ರಲ್ಲಿ ಅದೇ ಲಾ ಸ್ಕೂಲ್ ಪದವೀಧರರಿಗೆ ಅಂತ ಮೂರು ವರ್ಷದ ಎಲ್‌ಎಲ್‌ಬಿ ಶುರು ಮಾಡ್ತು!

6/7
ವಯಸ್ಸಿನ ಗೇಟು ಹಾಕೋ ಪ್ರಯತ್ನಗಳೂ ಆಗಿವೆ. 45 ದಾಟಿದವರಿಗೆ ಸನದು ಕೊಡಬಾರದು ಅನ್ನೋ ನಿಯಮ ಇತ್ತು. 1995ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಹೊಡೆದುಹಾಕ್ತು. 2008ರ ನಿಯಮಗಳಲ್ಲಿ ಮೂರು ವರ್ಷದ ಕೋರ್ಸ್ ಸೇರೋಕೆ 30 ವರ್ಷದ ಮಿತಿ ಬಂತು, ಮೀಸಲಾತಿ ಇರೋರಿಗೆ 5 ವರ್ಷ ಸಡಿಲಿಕೆ. ಆಮೇಲೆ ಅದನ್ನ ಹಿಂದಕ್ಕೆ ತಗೊಂಡ್ರು, 2016ರಲ್ಲಿ ಮತ್ತೆ ತಂದ್ರು. 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಕೊಡ್ತು.
ಇದು ಬರೀ ಕೇಸ್ ಲಾ ಅಲ್ಲ. ನಮ್ಮ ಕ್ಲಾಸಲ್ಲಿ ಎರಡನೇ ಬೆಂಚಲ್ಲಿ ಒಬ್ಬರು ಕೂರ್ತಾರೆ, ವಯಸ್ಸು 46. ಇಪ್ಪತ್ತು ವರ್ಷ ಶಾಲೆಯಲ್ಲಿ ಪಾಠ ಮಾಡಿದೋರು, ನಾವೆಲ್ಲ ಟೀಚರಮ್ಮ ಅಂತೀವಿ. ಜಮೀನಿನ ಕೇಸಿಗೆ ವರ್ಷಗಟ್ಟಲೆ ಕೋರ್ಟಿಗೆ ಅಲೆದು, "ಆ ಕಾಗದದಲ್ಲಿ ಏನಿದೆ ಅಂತ ನಾನೇ ಓದ್ಬೇಕು" ಅಂತ ಬಂದವರು. ಆ ಎರಡು ಗೇಟೂ ಹಾಗೇ ಇದ್ದಿದ್ರೆ ಅವರು ಸೇರೋಕೂ ಆಗ್ತಿರ್ಲಿಲ್ಲ, ಸನದು ತಗೊಳ್ಳೋಕೂ ಆಗ್ತಿರ್ಲಿಲ್ಲ.
ಕುಟುಂಬ ಕಾನೂನಿನ ಪಾಠದಲ್ಲಿ ಜೀವನಾಂಶದ ವಿಷಯ ಬಂದಾಗ ನಮಗೆ ಅದು ಸೆಕ್ಷನ್. ಅವರಿಗೆ ಅದು ತಾವು ಪಾಠ ಹೇಳಿದ ಮಗುವಿನ ಮನೆ.

7/7
ಲಾ ಲೇಟಾಗಿ ಓದೋದ್ರಲ್ಲಿ ಕಷ್ಟ ಇಲ್ಲ ಅಂತ ನಾನು ಹೇಳಲ್ಲ. ಜೊತೆಗೆ ಓದಿದೋರು ಸಂಬಳದ ಸ್ಟೋರಿ ಹಾಕ್ತಾರೆ, ನಾನು ಪಿಜಿ ಬಾಡಿಗೆಗೆ ಅಪ್ಪನಿಗೆ ಫೋನ್ ಮಾಡ್ತೀನಿ. ಆದ್ರೆ ಖಾಲಿ ಕೈಯಲ್ಲಂತೂ ಬಂದಿಲ್ಲ. ಬಿಎಸ್ಸಿ ಲ್ಯಾಬಲ್ಲಿ ಕಲಿತದ್ದು ನಾಳೆ ವಿಧಿವಿಜ್ಞಾನ ವರದಿ ಓದುವಾಗ ಬೇಕಾಗುತ್ತೆ. ಬಿಕಾಂನವರಿಗೆ ತೆರಿಗೆ ಕೇಸು ಬೇಗ ಅರ್ಥ ಆಗುತ್ತೆ.
ಮುಂದಿನ ಹಬ್ಬಕ್ಕೆ ಮಾಮ ಸಿಗ್ತಾರೆ. ಈ ಸಲ ಹೇಳ್ತೀನಿ: "ಮಾಮ, ನಿಜಲಿಂಗಪ್ಪನವರು ಹೋದ ದಾರೀಲೇ ಹೋಗ್ತಿದ್ದೀನಿ. ಪುಣೆಗೆ ರೈಲು ಹತ್ತೋ ಖರ್ಚು ಉಳೀತು ನೋಡಿ."
ನೀವು ಯಾವ ಡಿಗ್ರಿ ಮುಗಿಸಿ ಲಾಗೆ ಬಂದ್ರಿ, ಇಲ್ಲಾ ಬರಬೇಕು ಅಂತಿದ್ದೀರಿ? ಕಾಮೆಂಟಲ್ಲಿ ಬರೀರಿ. ಮನೇಲಿ "ಲೇಟಾಯ್ತು" ಅಂತ ಕೇಳಿಸ್ಕೊಳ್ತಿರೋ ಗೆಳೆಯರಿಗೆ ಇದನ್ನ ಕಳಿಸಿ.

#ಕಾನೂನು_ಓದು #ಎಲ್‌ಎಲ್‌ಬಿ #ಇತಿಹಾಸ #ಕನ್ನಡ