ಬ್ರಹ್ಮಗಿರಿಯ ಕಲ್ಲುವೃತ್ತಗಳು

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯ ತಪ್ಪಲಲ್ಲಿ, ಕುರುಚಲು ಗಿಡಗಳ ನಡುವೆ, ಅರ್ಧ ಹೂತುಹೋದ ಗುಂಡುಗಲ್ಲುಗಳು ದುಂಡಗೆ ಸಾಲುಗಟ್ಟಿ ನಿಂತಿವೆ. ಬೃಹತ್ ಶಿಲಾಯುಗದ ಜನ ತಮ್ಮ ಸತ್ತವರಿಗೆಂದು ಕಟ್ಟಿದ ಗೋರಿಗಳ ಎಲ್ಲೆಗಲ್ಲುಗಳಿವು. 1892ರಲ್ಲಿ ಬಿ.ಎಲ್. ರೈಸ್ ಅವರು ಪತ್ತೆಮಾಡಿದ ಅಶೋಕನ ಶಾಸನದಿಂದ ಈ ಬೆಟ್ಟ ಹೆಸರಾಯಿತು. ಆ ಶಾಸನ ಹೇಳದ ಎಷ್ಟೋ ಸಂಗತಿಗಳನ್ನು ಅಕ್ಷರವಿಲ್ಲದ ಈ ಕಲ್ಲುಗಳು ಹೇಳುತ್ತವೆ.

ಇಂಥ ಗೋರಿಗಳನ್ನು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಮೋರೇರ ಮನೆ ಎನ್ನುತ್ತಾರೆ. ಮೋರೇರು ಕುಳ್ಳರಾಗಿದ್ದರು, ಆಕಾಶದಿಂದ ಬೆಂಕಿಮಳೆ ಸುರಿದೀತೆಂದು ಹೆದರಿ ಕಲ್ಲಿನ ಮನೆ ಕಟ್ಟಿಕೊಂಡರು ಎಂಬ ಕಥೆಯೂ ಇದೆ. ಕಥೆಯಲ್ಲಿ ಒಂದು ಮಾತು ನಿಜ: ಒಳಗಿನ ರಚನೆ ಮನೆಯಂತೆಯೇ ಇದೆ.

ಮೈಸೂರು ಪುರಾತತ್ತ್ವ ಇಲಾಖೆಯ ಎಂ.ಎಚ್. ಕೃಷ್ಣ ಅವರು 1940ರ ದಶಕದ ಆರಂಭದಲ್ಲಿ ಇಲ್ಲಿ ಅಗೆಸಿದರು. 1947ರಲ್ಲಿ ಮಾರ್ಟಿಮರ್ ವ್ಹೀಲರ್ ಬಂದು ಗೋರಿಗಳನ್ನೂ ಪಕ್ಕದ ಹಳೆಯ ಊರಿನ ನೆಲೆಯನ್ನೂ ಪದರಪದರವಾಗಿ ಬಿಡಿಸಿದರು. ವೃತ್ತದ ನಡುವೆ, ನೆಲದೊಳಗೆ, ಕಣಶಿಲೆಯ ನಾಲ್ಕು ಚಪ್ಪಡಿಗಳ ಕೋಣೆ ಕಂಡಿತು. ಪ್ರತಿ ಚಪ್ಪಡಿಯೂ ಪಕ್ಕದ್ದರ ಅಂಚನ್ನು ದಾಟಿ ಚಾಚಿರುವುದರಿಂದ ಮೇಲಿನಿಂದ ನೋಡಿದರೆ ಸ್ವಸ್ತಿಕದ ಆಕಾರ. ಇದು ಅಲಂಕಾರಕ್ಕೆ ಮಾಡಿದ್ದಲ್ಲ. ಹೊರಗಿನ ಮಣ್ಣು ಒತ್ತಿದಷ್ಟೂ ಚಪ್ಪಡಿಗಳು ಒಂದನ್ನೊಂದು ಆತುಕೊಳ್ಳುತ್ತವೆ. ಯಾವುದೂ ಒಳಕ್ಕೆ ಬೀಳುವುದಿಲ್ಲ. ಗಾರೆಯಿಲ್ಲದೆ ಇಷ್ಟು ಗಟ್ಟಿ ಕೋಣೆ ಕಟ್ಟಿದವರ ಕಸುಬುದಾರಿಕೆಗೆ ತಲೆದೂಗಲೇಬೇಕು. ಮೂಡಣ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ. ಮೇಲೆ ದೊಡ್ಡ ಹಾಸುಗಲ್ಲಿನ ಮುಚ್ಚಿಗೆ.

ಕೋಣೆಯೊಳಗೆ ಇಡೀ ಶವ ಇರಲಿಲ್ಲ. ಬೇರೆ ಕಡೆ ಮಾಂಸ ಕಳಚಿದ ಮೇಲೆ ಆಯ್ದು ತಂದ ಎಲುಬುಗಳು, ಅದೂ ಒಂದೇ ಗೋರಿಯಲ್ಲಿ ಹಲವರವು, ಅಲ್ಲಿದ್ದವು. ಒಂದು ಮನೆತನದವರು ಒಂದೇ ಕೋಣೆಯನ್ನು ಬಳಸಿರಬಹುದು. ಕೋಣೆಯಿಲ್ಲದೆ ಬರೀ ಗುಣಿಯಿದ್ದ ವೃತ್ತಗಳೂ ಸಿಕ್ಕವು; ಶವವನ್ನು ಮೊದಲು ಇಡುತ್ತಿದ್ದ ತಾಣ ಅದೇ ಇರಬೇಕೆಂದು ವ್ಹೀಲರ್ ಊಹಿಸಿದರು. ಎಲುಬಿನ ಜೊತೆಗೆ ಒಳಗೆ ಕಪ್ಪು, ಹೊರಗೆ ಕೆಂಪು ಬಣ್ಣದ ನುಣುಪು ಮಡಕೆಗಳು, ಕಬ್ಬಿಣದ ಕುಡುಗೋಲು, ಕತ್ತಿ, ಈಟಿ, ಮಣಿಗಳು ಇದ್ದವು. ಕುಡುಗೋಲು ಹೊಲದ ಬದುಕನ್ನು ಹೇಳುತ್ತದೆ, ಈಟಿ ಬೇಟೆ ಅಥವಾ ಕಾದಾಟವನ್ನು.

ಅದೇ ಬಗೆಯ ಮಡಕೆ ಪಕ್ಕದ ಊರಿನ ನೆಲೆಯಲ್ಲೂ ಸಿಕ್ಕಿದ್ದೇ ಈ ಉತ್ಖನನದ ದೊಡ್ಡ ಫಲ. ಕೆಳಗೆ ನುಣುಪು ಕಲ್ಗೊಡಲಿಗಳ ಪದರ, ನಡುವೆ ಕಬ್ಬಿಣ ಬಳಸಿದ ಗೋರಿಕಾರರದು, ಮೇಲೆ ಸಾತವಾಹನರ ಕಾಲದ್ದು. ದಕ್ಷಿಣ ಭಾರತದ ಪ್ರಾಗಿತಿಹಾಸಕ್ಕೆ ಒಂದು ಏಣಿ ಸಿಕ್ಕಂತಾಯಿತು.

ಕಾಲದ ಲೆಕ್ಕ ಮಾತ್ರ ಮುಂದೆ ಬದಲಾಯಿತು. ಅರಿಕಮೇಡು, ಚಂದ್ರವಳ್ಳಿಗಳ ರೋಮನ್ ನಂಟಿನ ವಸ್ತುಗಳನ್ನು ಆಧರಿಸಿ ವ್ಹೀಲರ್ ಈ ಗೋರಿಗಳನ್ನು ಸುಮಾರು ಕ್ರಿ.ಪೂ. 200ರಿಂದ ಈಚೆಗೆ ಇಟ್ಟಿದ್ದರು. 1965ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ತುಂಗಭದ್ರಾ ತೀರದ ಹಳ್ಳೂರನ್ನು ಅಗೆದಾಗ ದೊರೆತ ಇದ್ದಿಲಿನ ವಿಕಿರಣ ಇಂಗಾಲದ ಪರೀಕ್ಷೆ, ಕಬ್ಬಿಣದ ಬಳಕೆಯನ್ನು ಸುಮಾರು ಕ್ರಿ.ಪೂ. 1000ದಷ್ಟು ಹಿಂದಕ್ಕೆ ಒಯ್ದಿತು. ಕರ್ನಾಟಕದ ಇಂಥ ಗೋರಿಗಳ ಸಂಪ್ರದಾಯ ಅಶೋಕನ ಶಾಸನಕ್ಕಿಂತ ಹಲವು ಶತಮಾನಗಳಷ್ಟು ಹಳೆಯದೆಂದು ಈಗ ಒಪ್ಪಲಾಗಿದೆ.